ಕಿಟಕಿ ಪಕ್ಕದ ಕರ್ಚೀಫು

ಬೆಳಿಗ್ಗೆ ಆಫೀಸಿಗೆ ಬಂದವನೇ ತಾರಾನಾಥ, ಉಡುಪಿ ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ, ಕಿಟಕಿ ಪಕ್ಕದ ಕುರ್ಚಿಗೆ ಕರ್ಚೀಫು ಹಾಕಿದ. ಮಣಿಪಾಲದ ಆ ಪುಟ್ಟ ಕಂಪೆನಿಯಲ್ಲಿ ಅಷ್ಟರವರೆಗೆ ಅವನ ಜಾಗ ನೀರಿನ ಫಿಲ್ಟರಿನ ಬುಡದ ಸ್ಟೂಲು. ಬಾಯಾರಿದವರೆಲ್ಲ ಅವನ ಬೆನ್ನಿಗೆ ತೀರ್ಥ ಪ್ರೋಕ್ಷಿಸಿಯೇ ಹೋಗುತ್ತಿದ್ದರು.

"ಮಧ್ಯಾಹ್ನ ಬೆಂಗಳೂರಿನವರು ಕೆಲಸ ನೋಡ್ಲಿಕ್ಕೆ ಬರ್ತಾರೆ. ನಿನ್ನ ಕಂಪ್ಯೂಟರ್ ಎದ್ದರೆ ಕಿಟಕಿ ನಿನ್ನದು," ಎಂದಿದ್ದರು ಬಾಸ್ ಭುಜಂಗ ರಾಯರು.

ಏಳಬೇಕಾದ ಕಂಪ್ಯೂಟರ್ ಇನ್ನೂ ಹಡಗಿನಲ್ಲಿತ್ತು. ಅದರ ವೇಷವನ್ನು ತಾರಾನಾಥ ತನ್ನ ಡಬ್ಬಿ ಕಂಪ್ಯೂಟರಿನೊಳಗೇ ಕಟ್ಟಿದ್ದ: ಎಲ್ಲ ಪ್ರೋಗ್ರಾಮಿನಲ್ಲೇ ಮಾಡಿದ್ದು, ಮೆಮರಿಯೂ ಸುಳ್ಳು. ನಿಜವಾದ ಯಂತ್ರದಲ್ಲಾದರೆ ಮೆಮರಿಯ ಯಾವ ಜಾಗ ಖಾಲಿ, ಯಾವುದು ಹಿಡಿದಿಟ್ಟದ್ದು ಎಂದು, ಯಂತ್ರದ ಜೊತೆಗೇ ಬರುವ ಫರ್ಮ್‌ವೇರ್ ಎಂಬ ಪ್ರೋಗ್ರಾಮು ಮೊದಲೇ ಆಪರೇಟಿಂಗ್ ಸಿಸ್ಟಮ್ಮಿಗೆ ಹೇಳಿಬಿಡುತ್ತದೆ. ಇಲ್ಲಿ ಆ ಮೆಮರಿ ಮ್ಯಾಪನ್ನು ಸುಳ್ಳು ಮೆಮರಿಯಲ್ಲಿ ತಾರಾನಾಥನೇ ಬರೆದಿಡಬೇಕು.

"ಅಂದರೆ ಎಂತ?" ಕೇಳಿದಳು ರಿಸೆಪ್ಶನಿನ ಕ್ಲಾರಾ.

"ಬಸ್ಸಿನ ಹಾಗೆಯೇ ಕ್ಲಾರಾ ಬಾಯಿ. ಕರ್ಚೀಫು ಇದ್ದರೆ ಹಿಡಿದದ್ದು, ಇಲ್ಲದಿದ್ದರೆ ಖಾಲಿ."

ಹೇಳಿದ್ದೇ ತಪ್ಪಾಯಿತು. ಕುರ್ಚಿ ಸಿಗದೆ ಮಾನಿಟರಿನ ಖಾಲಿ ಪೆಟ್ಟಿಗೆಯ ಮೇಲೆ ಕೂರುತ್ತಿದ್ದ ಪೀಟರ್ ಓಡಿ ಬಂದ. "ನನ್ನ ನೆಟ್‌ವರ್ಕ್ ಪ್ರೋಗ್ರಾಮಿಗೆ ಕರ್ಚೀಫು ಸಾಲದು ಮಾರಾಯ, ಬೈರಾಸೇ ಹಾಸು!" ಎಂದು ಹೆಗಲ ಮೇಲಿನ ಆ ಉದ್ದನೆಯ ಟವೆಲು ಬೀಸಿ ತೋರಿಸಿದ.

"ನನಗೂ ಒಂದಿಷ್ಟು ಜಾಗ ಇರಲಿ," ಎಂದರು ರಾಯರು.

"ಎಂತಕ್ಕೆ ಸರ್?"

"ಎಂತಕ್ಕಾದರೂ!"

ಇಲ್ಲ ಎನ್ನಲು ಬಾರದ ತಾರಾನಾಥ ಮ್ಯಾಪಿನಲ್ಲಿ ಎಲ್ಲರಿಗೂ ಜಾಗ ಹಿಡಿದಿಟ್ಟ. ಆಪರೇಟಿಂಗ್ ಸಿಸ್ಟಮ್ ಬಂದು ಮ್ಯಾಪ್ ನೋಡಿತು. ಫುಟ್‌ಬೋರ್ಡಿನಲ್ಲೂ ಜಾಗವಿಲ್ಲದೆ ಅಲ್ಲೇ ಪ್ರಾಣ ಬಿಟ್ಟಿತು.

ತಾರಾನಾಥ ಮ್ಯಾಪಿನಿಂದ ಎಲ್ಲರ ಕರ್ಚೀಫುಗಳನ್ನೂ ಎಳೆದು ಹಾಕಿದ. ಈ ಸಲ ಆಪರೇಟಿಂಗ್ ಸಿಸ್ಟಮ್ ಮದುವೆಮನೆಯ ಮಾವನಂತೆ ಕಾಲು ಚಾಚಿ ಕುಳಿತಿತು. ಕುಳಿತದ್ದು ಮಾತ್ರ ಮ್ಯಾಪಿನ ಮೇಲೆಯೇ! ಮ್ಯಾಪ್ ಚಿಂದಿ, ಪರದೆ ಕಪ್ಪು.

"ಅಯ್ಯೋ, ಮ್ಯಾಪ್ ಇಟ್ಟ ಜಾಗಕ್ಕೇ ಕರ್ಚೀಫು ಹಾಕಲಿಲ್ಲ!" ತಾರಾನಾಥ ಹಣೆ ಬಡಿದುಕೊಂಡ. "ಖಾಲಿ ಅಂತ ಕಂಡರೆ ಅದು ಕೂರದೆ ಇರ್ತದಾ?"

ಮ್ಯಾಪಿನ ಜಾಗವನ್ನೂ ಹಿಡಿದಿಟ್ಟು ಮುಗಿಸುವಷ್ಟರಲ್ಲಿ ಮೆಟ್ಟಿಲಲ್ಲಿ ಬೂಟಿನ ಸದ್ದು. ಬೆಂಗಳೂರಿನವರನ್ನು ಇಣುಕಲು ಹೋದ ಪೀಟರನ ಕೈಯ ಕಾಫಿ ಕೀಬೋರ್ಡಿನ ಮೇಲೆ ಚೆಲ್ಲಿತು. ತಾರಾನಾಥ ಹಾರಿ ಕೈಗೆ ಸಿಕ್ಕ ಬಟ್ಟೆ ಎಳೆದು ಒರೆಸಿ, ದೇವರೇ ಎಂದು ಗುಂಡಿ ಒತ್ತಿದ.

ಪರದೆಯಲ್ಲಿ ಬಿಳಿ ಅಕ್ಷರಗಳು ಸಾಲುಸಾಲಾಗಿ ಎದ್ದವು. ಬೆಂಗಳೂರಿನವರು ಚಪ್ಪಾಳೆ ತಟ್ಟಿದರು. ಪೀಟರ್ ಕಂಡಕ್ಟರನ ಸ್ವರದಲ್ಲಿ, "ರೈ...ಟ್ ಪೋಯಿ!" ಎಂದು ಕೂಗಿ ಶಿಳ್ಳೆ ಹೊಡೆದ.

"ಹೋಗು ಮಾರಾಯ, ಕಿಟಕಿ ನಿನ್ನದು!" ರಾಯರು ಬೆನ್ನು ತಟ್ಟಿದರು.

ತಾರಾನಾಥ ತಿರುಗಿದ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕ್ಲಾರಾ ಗಾಳಿಗೆ ಮುಖವೊಡ್ಡಿ ಗೋಳಿಬಜೆ ತಿನ್ನುತ್ತಿದ್ದಳು.

"ಬಾಯಿ, ಅದು ನನ್ನ..."

"ಕರ್ಚೀಫು ಎಲ್ಲುಂಟು?"

ಕರ್ಚೀಫು ತಾರಾನಾಥನ ಕೈಯಲ್ಲೇ ಇತ್ತು, ತೊಟತೊಟ ಕಾಫಿ ಸುರಿಸುತ್ತ.

ರಾಯರು ಹೊಟ್ಟೆ ಹಿಡಿದು ನಕ್ಕರು. "ಬೆಳಿಗ್ಗೆ ನೀನೇ ಹೇಳಿದ್ದಲ್ವಾ? ಇಲ್ಲದಿದ್ದರೆ ಖಾಲಿ!"

ತಾರಾನಾಥನಿಗೂ ನಗು ತಡೆಯಲಾಗಲಿಲ್ಲ. ಇರಲಿ, ಹಳೆಯ ಸ್ಟೂಲು ಉಂಟಲ್ಲ ಎಂದು ಫಿಲ್ಟರಿನ ಕಡೆ ನಡೆದ. ಸ್ಟೂಲಿನ ಮೇಲೆ ಬೈರಾಸು ಹಾಸಿತ್ತು.

"ನೀನು ಕಿಟಕಿಗೆ ಹೋಗ್ತೀಯಲ್ಲ ಅಂತ ಆಗಲೇ ಹಿಡಿದಿಟ್ಟೆ," ಎಂದ ಪೀಟರ್.

ತಾರಾನಾಥ ಕರ್ಚೀಫು ಹಿಂಡಿ, ಮಾನಿಟರಿನ ಪೆಟ್ಟಿಗೆಯ ಮೇಲೆ ಹಾಸಿ, ಯಾರಾದರೂ ಬರುವ ಮೊದಲೇ ಅದರ ಮೇಲೆ ಕುಳಿತುಬಿಟ್ಟ.