ಅಂಬರೀಶನಿಗೆ ಸಿಕ್ಕ ದ್ವೀಪ

"ಇವತ್ತಿಂದ ಈ ಮನಿಗೆ ಇಡೀ ದುನಿಯಾ ಬರ್ತದ ನೋಡು," ಅಂದ ಅಂಬರೀಶ, ಮಂಡಾಳ ವಗ್ಗರಣಿಯ ತಾಟಿನ ಮುಂದೆ ಎದೆ ಉಬ್ಬಿಸಿ ಕೂತು.

"ಎಷ್ಟು ಮಂದಿ?" ಅಂತ ಕೇಳಿದಳು ಕಾವ್ಯಾ. ಆ ಮನೆಗೆ ಯಾರೇ ಬರಲಿ, ದುನಿಯಾವೇ ಬರಲಿ, ರೊಟ್ಟಿ ಬಡಿಯುವ ಕೈ ಮಾತ್ರ ಒಂದೇ ಜೋಡಿ.

ಅಂಬರೀಶ ನಕ್ಕ. ತಿಳಿದವರು ತಿಳಿಯದವರ ಮೇಲೆ ನಗುವ ನಗು ಅದು. "ಹುಚ್ಚಿ, ರೇಡಿಯೋದಾಗ ಬರ್ತದ." ಹಾಗೆಂದು ಜೇಬಿನಿಂದ ಸೋಪಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದನ್ನು ತೆಗೆದು, ಲಿಂಗ ಪೂಜೆಗೆ ಕೂತವನಂತೆ ಅಂಗೈ ಮೇಲೆ ಇಟ್ಟುಕೊಂಡ. "ಇದು ಸೌಂಡ್ ಕಾರ್ಡ್. ರೇಡಿಯೋಕ್ಕ ಬಂದ ಸಪ್ಪಳ ಇದರಾಗ ಹಾದು ಲ್ಯಾಪ್‌ಟಾಪಿಗೆ ಹೋಗ್ತದ. ಲ್ಯಾಪ್‌ಟಾಪಿನ ಸಾಫ್ಟ್‌ವೇರ್ ಅದನ್ನ ಓದಿ, ಯಾವ ದೇಶದಿಂದ ಯಾರು ಕರ್ಯಾಕತ್ತಾರ ಅಂತ ಅಕ್ಷರದಾಗ ತೋರಸ್ತದ. ಮನುಷ್ಯಾರ ಕಿವಿಗೆ ಕೇಳದಿದ್ದದ್ದೂ ಇದಕ್ಕ ಕೇಳ್ತದ."

"ಕಿವಿಗೆ ಕೇಳೂದನ್ನ ಕೇಳಸ್ಕೊಳ್ಳಾಕ ಏನರ ಪೆಟ್ಟಿಗಿ ಸಿಗ್ತದೇನ್ರಿ?"

ಅಂಬರೀಶನಿಗೆ ಅದು ಕೇಳಿಸಲಿಲ್ಲ.

ಅವನು ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಇವತ್ತು ರಜೆ. ಹೋದ ವರ್ಷ ಹವ್ಯಾಸಿ ರೇಡಿಯೋದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತಂದುಕೊಂಡಿದ್ದ. ಅವನು ಓದಲು ಕೂತಷ್ಟು ದಿನವೂ ಮನೆಯಲ್ಲಿ ಮಿಕ್ಸರ್ ತಿರುಗಲಿಲ್ಲ. ಕಾವ್ಯಾ ಚಟ್ನಿಯನ್ನು ಕಲ್ಲಿನಲ್ಲಿ ಅರೆದಳು. ಪಾಸಾದ ದಿನ ಅವನು ಊರಿಗೆಲ್ಲ ಪೇಡೆ ಹಂಚಿದ, ರಟ್ಟೆ ನೋವಿಗೆ ಆಕೆ ತಾನೇ ಮುಲಾಮು ತಿಕ್ಕಿಕೊಂಡಳು.

"ಹಿಂದಿನ ಖೋಲಿ ಟೇಬಲ್ ಬೇಕು," ಅಂದ ಈಗ.

ಕಾವ್ಯಾಳ ಕೈಯಲ್ಲಿದ್ದ ಸೌಟು ನಿಂತಿತು. ಹಿಂದಿನ ಖೋಲಿಯ ಟೇಬಲ್ ಅಂದರೆ ಆಕೆ ಬಟ್ಟೆ ಕತ್ತರಿಸುವ ಟೇಬಲ್. ಪಕ್ಕದಲ್ಲಿ ಹಿರೇಕೊಟ್ನೆಕಲ್‌ನ ತವರಿನಿಂದ ಬಂದ ಹೊಲಿಗೆಯ ಕಾಲ್ಮಷೀನು. ಟೇಬಲ್ಲಿನ ಮೇಲೆ ಅಂಗೈಯಗಲದ ಒಂದು ಪುಟ್ಟ ಫ್ಯಾನು, ಅದರ ವೈರು ಮೊಬೈಲ್ ಚಾರ್ಜರಿಗೂ ಹೋಗುತ್ತದೆ, ಲ್ಯಾಪ್‌ಟಾಪಿಗೂ ಹೋಗುತ್ತದೆ. ರಾಯಚೂರಿನ ಬ್ಯಾಸಗಿಯಲ್ಲಿ ಮೇಲಿನ ಫ್ಯಾನು ಹಾಕಿದರೆ ಕತ್ತರಿಸಿದ ಬಟ್ಟೆ ಹಾರುತ್ತದೆ, ಹಾಕದಿದ್ದರೆ ಜೀವ ಹಾರುತ್ತದೆ. ಅದಕ್ಕೆಂದೇ ಆಕೆ ಈ ಪುಟ್ಟ ಫ್ಯಾನು ತಂದುಕೊಂಡಿದ್ದಳು.

"ಇವತ್ತ ಆಗೂದಿಲ್ಲ. ಜಾಲಹಳ್ಳಿ ಕಮರುನ್ನೀಸಾ ಅಕ್ಕನ ಜಂಪರ್ ಅವ. ನಾಳೆ ಅವರ ಮಗಳು ಗುಲ್ಫಶಾನ ಮದುವಿ. ಮನಿ ಹೆಣ್ಮಕ್ಕಳದೆಲ್ಲಾ ನಾನೇ ಹೊಲಿಯಾಕತ್ತೀನಿ. ಸಂಜಿ ನಾಕರ ಬಸ್ಸಿಗೆ ಗಂಟು ಹೋಗಬೇಕು."

ಜಾಲಹಳ್ಳಿ ಇರುವ ದೇವದುರ್ಗದ ಕಡೆಯಿಂದ ಆಕೆಗೆ ಬಿಡಿ ಹೊಲಿಗೆ ಬಂದದ್ದುಂಟು, ಮದುವೆ ಕೆಲಸ ಇದೇ ಮೊದಲು. ಅಷ್ಟು ದರ್ಜಿ ಅಂಗಡಿಗಳನ್ನು ದಾಟಿ ಕಮರುನ್ನೀಸಾ ಈ ಮನೆಯ ಬಾಗಿಲಿಗೆ ಬಂದಿದ್ದಳು. ಜಂಪರಿಗೆಂದು ರವಿಕೆ ಬಟ್ಟೆ ಕೈಗಿಟ್ಟು, "ನಿನ್ನ ಮಾತಿನ ಮ್ಯಾಗ ಬಿಟ್ಟು ಹೊಂಟೀನಿ ನೋಡವ್ವಾ," ಅಂದಿದ್ದಳು. ಆ ಮಾತು ತಪ್ಪಿದರೆ ನಾಳೆ ಮದುವೆ ಮನೆಯ ಅಷ್ಟೂ ಹೆಂಗಸರು ಹಳೇ ಜಂಪರ್ ತೊಟ್ಟು ನಿಲ್ಲುತ್ತಾರೆ, ಮತ್ತೆ ಆ ಕಡೆಯವರು ಯಾರೂ ಕಾವ್ಯಾಳ ಹೆಸರು ಎತ್ತುವುದಿಲ್ಲ.

"ಮಷೀನು ಅಡಗಿಮನಿಯಾಗ ಇಡು. ಹೊಲಿಗಿ ಎಲ್ಲಿ ಕುಂತ್ರೂ ಆಗ್ತದ. ರೇಡಿಯೋಕ್ಕ ಆಂಟೆನಾದ ವೈರ್ ಬರೂದು ಆ ಕಿಡಕಿಯಿಂದ."

ಮಷೀನನ್ನು ಅಡಿಗೆಮನೆಗೆ ಎಳೆದವರು ಕಾವ್ಯಾ ಮತ್ತು ಅತ್ತೆ ಶರಣಮ್ಮ. ಅಂಬರೀಶ "ಜರಾ ಎಡಕ್ಕ, ಜರಾ ಎಡಕ್ಕ" ಅನ್ನುವ ಭಾರದ ಕೆಲಸ ಮಾಡಿದ.

ಆಮೇಲೆ ಮಾನ್ವಿಗೆ ಫೋನು ಹೋಯಿತು. ಅಲ್ಲಿ ಅವನ ಗುರುಗಳು, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಸಲಾವುದ್ದೀನ್ ಸಾಹೇಬರು. ರೇಡಿಯೋ ವಿದ್ಯೆಯಲ್ಲಿ ತಮಗೆ ತಿಳಿಯದ್ದು ಒಂದಿದೆ ಅಂತ ಅವರಿಗೂ ಅನಿಸಿದ್ದಿಲ್ಲ, ಅಂಬರೀಶನಿಗೂ ಅನಿಸಿದ್ದಿಲ್ಲ. ಫೋನಿನ ಸ್ಪೀಕರಿನಿಂದ ಉಪದೇಶ ಮನೆಯೆಲ್ಲ ತುಂಬಿತು: "ದೇಖೋ ಬೇಟಾ, ಮೊದಲ್ನೇ ವಾರ ಬರೀ ಕೇಳೂದು. ಮಾತಾಡೂದಲ್ಲ. ಕೇಳೂದೇ ದೊಡ್ಡ ವಿದ್ಯಾ."

"ಕೇಳಿದೇನು?" ಅಂದ ಅಂಬರೀಶ ಹೆಂಡತಿಗೆ. "ಕೇಳೂದೇ ದೊಡ್ಡ ವಿದ್ಯಾ ಅಂತ."

"ನಾ ಆ ವಿದ್ಯಾದಾಗ ಎಂದೋ ಪಾಸಾಗೀನಿ," ಅಂದಳು ಕಾವ್ಯಾ.

ಬೆಳಗಿನ ಹೊತ್ತೆಲ್ಲ "ಕಾವ್ಯಾ, ಈ ವೈರ್ ಹಿಡಿ. ಕಾವ್ಯಾ, ಟಾರ್ಚ್ ಹಿಡಿ. ಕಾವ್ಯಾ, ಮಾಳಿಗಿ ಮ್ಯಾಗ ಅವ್ವ ಆಂಟೆನಾಕ್ಕ ಸೀರಿ ಒಣಾಕ ಹಾಕ್ಯಾಳ, ತಗಿ." ಆಕೆ ಒಂದು ತೋಳು ಹೊಲಿಯುವಷ್ಟರಲ್ಲಿ ಅವನು ಎರಡು ಸಲ ಕರೆಯುತ್ತಿದ್ದ. ಕೊನೆಗೆ ಎಲ್ಲ ಕೂಡಿತು. ಪೆಟ್ಟಿಗೆಯ ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪಿನ ಪರದೆ ಮೇಲೆ ನೀಲಿ ನೀರು ಇಳಿದಂತೆ ಏನೋ ಇಳಿಯತೊಡಗಿತು. ಸಿಗ್ನಲ್ ಬಂದರೆ ಆ ನೀರಿನಲ್ಲಿ ಹಳದಿ ಗೆರೆ ಮೂಡುತ್ತದಂತೆ. ಅಂಬರೀಶ ಕಿವಿಗೆ ದಪ್ಪನೆಯ ಹೆಡ್‌ಫೋನು ಏರಿಸಿ, ಬೆನ್ನು ನೆಟ್ಟಗೆ ಮಾಡಿ ಕೂತ.

ಅಷ್ಟೊತ್ತಿಗೆ ಕರೆಂಟು ಹೋಯಿತು. ಅರ್ಧ ರಾಜ್ಯಕ್ಕೆ ಕರೆಂಟು ಮಾಡಿ ಕಳಿಸುವ ಜಿಲ್ಲೆ ನಮ್ಮದು, ದೀಪದ ಬುಡದಲ್ಲಿ ಕತ್ತಲೆ ಇದ್ದೇ ಇದೆ. ರೇಡಿಯೋ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಲ್ಯಾಪ್‌ಟಾಪಿಗೂ ಚಿಂತೆಯಿಲ್ಲ. ಆದರೆ ತಲೆಯ ಮೇಲಿನ ಫ್ಯಾನು ನಿಂತಿತು, ಗಂಡಸಿನ ಕುತ್ತಿಗೆಯ ಮೇಲೆ ಬೆವರು ಇಳಿಯಿತು. ಅವನು ಟೇಬಲ್ ಮೂಲೆಯಲ್ಲಿದ್ದ ಕಾವ್ಯಾಳ ಪುಟ್ಟ ಫ್ಯಾನನ್ನು ಹತ್ತಿರಕ್ಕೆಳೆದುಕೊಂಡು, ಲ್ಯಾಪ್‌ಟಾಪಿಗೆ ಸಿಗಿಸಿ, ಮುಖಕ್ಕೆ ಗಾಳಿ ಹಿಡಿದು "ಹಾ" ಅಂದ.

ಅಡಿಗೆಮನೆಯಲ್ಲಿ ಒಲೆಯ ಪಕ್ಕ ಕೂತು ಹೊಲಿಯುತ್ತಿದ್ದ ಕಾವ್ಯಾ ಕೇಳಿದಳು, "ನನ್ನ ಫ್ಯಾನು ಕೊಡ್ತೀರೇನ್ರಿ?"

"ಶ್..." ಅಂಗೈ ಎತ್ತಿ ತೋರಿಸಿದ. "ಸಿಗ್ನಲ್ ಬರಾಕತ್ತದ."

ಬರುತ್ತಿದ್ದದ್ದು ನಿಜ. ಪರದೆ ಮೇಲೆ ಸಾಲುಸಾಲಾಗಿ, ಒಂದೇ ಅಂತರದಲ್ಲಿ, ಬಾಚಣಿಗೆ ಎಳೆದಂತೆ ಹಳದಿ ಗೆರೆ. ಹೆಡ್‌ಫೋನಿನಲ್ಲಿ ಬರೀ 'ಸ್ಸ್‌ಸ್' ಅನ್ನುವ ಸಪ್ಪಳ. ಅಂದರೆ ಇದು ಕಿವಿಗೆ ಕೇಳದ ಸಿಗ್ನಲ್! ಪೆಟ್ಟಿಗೆ ತನ್ನ ಮಹಿಮೆ ತೋರಿಸುತ್ತಿದೆ! ಅಂಬರೀಶನ ರೋಮಗಳು ನಿಂತವು. "ಕಾವ್ಯಾ, ಮಷೀನ್ ನಿಲ್ಲಸು! ಭಾಳ ದೂರದ್ದದ!"

ಕಾವ್ಯಾ ಕಾಲು ನಿಲ್ಲಿಸಿದಳು. ಗೆರೆ ಮಾಯವಾಯಿತು.

"ಹೋಯ್ತು," ಅಂತ ಅವನು ತಲೆಗೆ ಕೈ ಹೊತ್ತ. ಅತ್ತೆ ಬಂದು, "ಯಾರು ಹೋದ್ರೋ ಯಪ್ಪಾ?" ಅಂತ ಗಾಬರಿಯಾಗಿ ಕೇಳಿದಳು.

ಕಾವ್ಯಾ ಮತ್ತೆ ಹೊಲಿಗೆಗೆ ಇಳಿದಳು. ಗೆರೆ ಮತ್ತೆ ಬಂತು. "ಬಂತು! ನಿಲ್ಲಸು ಅಂದ್ನಿ!" ನಿಲ್ಲಿಸಿದಳು. ಹೋಯಿತು. ಹೀಗೇ ನಡೆಯಿತು. ಬಂದಾಗ ಕುಣಿತ, ಹೋದಾಗ ಸೂತಕ, ನಡುವೆ ಕಾವ್ಯಾಳ ಕಾಲಿಗೆ ಬೇಡಿ. ಗೋಡೆ ಗಡಿಯಾರದ ಮುಳ್ಳು ಮಾತ್ರ ಅವನ "ಶ್" ಕೇಳದೆ ಮುಂದೆ ಹೋಗುತ್ತಿತ್ತು. ಆಕೆಯ ಮುಂದಿದ್ದ ಜಂಪರುಗಳ ಗುಡ್ಡೆ ಇದ್ದಲ್ಲೇ ಇತ್ತು. ಒಲೆಯ ಕಾವು ಬೆನ್ನಿಗೆ, ಸಿಟ್ಟಿನ ಕಾವು ನೆತ್ತಿಗೆ.

ಒಮ್ಮೆ ಸಾಫ್ಟ್‌ವೇರು ಆ ಗೆರೆಗಳನ್ನು ಹೇಗೋ ಕೂಡಿಸಿ, ಕಳೆದು, ಎರಡು ಅಕ್ಷರ ಎರಡು ಅಂಕಿ ಕಕ್ಕಿತು. ಅದು ಭೂಪಟದ ಜಾಗದ ಗುರುತು ಅಂತ ಅಂಬರೀಶ ಹುಡುಕಿ ನೋಡಿದ. ಎಲ್ಲೋ ಪೆಸಿಫಿಕ್ ಸಮುದ್ರದ ನಡುವಿನ ದ್ವೀಪವಂತೆ, ಮಂದಿ ಇರೂದೇ ಇಲ್ಲವಂತೆ. ಮಂದಿಯಿಲ್ಲದ ದ್ವೀಪದಿಂದ ಯಾರು ಕರೆದರು ಅಂತ ಅವನಿಗೆ ಹೊಳೆಯಲಿಲ್ಲ. ಸುದ್ದಿ ಮಾನ್ವಿಗೆ ಮುಟ್ಟಿತು. ಗುರುಗಳು ಫೋನಿನಲ್ಲೇ ಎದ್ದು ನಿಂತರು. "ಮೈ ಆರಹಾ ಹ್ಞೂಂ. ನಾ ನೋಡಬೇಕು ಅದನ್ನ."

ಅಂಬರೀಶ ಅಡಿಗೆಮನೆಯ ಬಾಗಿಲಿಗೆ ಬಂದ. "ಸಲಾವುದ್ದೀನ್ ಸರ್ ಊಟಕ್ಕ ಬರ್ತಾರ. ಬದನಿಕಾಯಿ ಎಣಗಾಯಿ ಅಂದ್ರ ಅವರಿಗೆ ಜೀವ."

ಕಾವ್ಯಾ ಸೂಜಿಯಿಂದ ಕಣ್ಣೆತ್ತದೆ ಕೇಳಿದಳು, "ಜಂಪರ್ ಅಂದ್ರ ಕಮರುನ್ನೀಸಾ ಅಕ್ಕಗ ಜೀವ. ಅದನ್ನ ಯಾರು ಮಾಡ್ತಾರ?"

"ಒಂದಿನ ಅಡ್ಜಸ್ಟ್ ಮಾಡ್ಕೊ. ಮನಿಗೆ ಬಂದವರ ಮುಂದ ಮುಖ ಸಣ್ಣ ಮಾಡಬ್ಯಾಡ."

ಊರಿಗೆ ಉಪಕಾರಿ, ಮನೆಗೆ ಮಾರಿ. ಆಕೆ ಎದ್ದು ಬದನೆಕಾಯಿ ಸೀಳಿದಳು. ಸೀಳುವಾಗ ಅದರ ಮೇಲೆ ಆಕೆಗೇನೂ ಸಿಟ್ಟಿರಲಿಲ್ಲ.

ಸಲಾವುದ್ದೀನ್ ಸಾಹೇಬರು ಬಂದರು. ಕಾವ್ಯಾ ರೊಟ್ಟಿ ಬಡಿದಳು, ಅವರಿಬ್ಬರೂ ಉಂಡರು. ಉಂಡು ಪರದೆ ಮುಂದೆ ಕೂತರು. ಏನೂ ಇಲ್ಲ. ನೀಲಿ ನೀರು, ಅಷ್ಟೇ.

"ನೀವು ಮಾನ್ವಿ ಬಿಟ್ಟಾಗಿಂದ ಹೋಗ್ಯದ ಸರ್. ಮುಂಜಾನಿ ಭಾಳ ಚಂದ ಇತ್ತು."

"ಹೋಗ್ತದ, ಬರ್ತದ," ಅಂದರು ಗುರುಗಳು. "ಆಕಾಶದಾಗ ಒಂದು ಪದರ ಇರ್ತದ. ಅದು ಏರಿದ್ರ ಬರ್ತದ, ಇಳಿದ್ರ ಹೋಗ್ತದ. ಸಬರ್ ಬೇಕು, ತಾಳ್ಮಿ ಬೇಕು."

ಕಾವ್ಯಾ ಮುಸುರೆ ತಿಕ್ಕದೆ ಬಿಟ್ಟು ಮಷೀನಿಗೆ ಕೂತಳು. ಆಕಾಶದ ಪದರ ಏರಿತು.

"ಯಾ ಅಲ್ಲಾ!" ಗುರುಗಳು ಕನ್ನಡಕ ಸರಿ ಮಾಡಿಕೊಂಡರು. "ಏನ್ ತಾಳ, ಏನ್ ಲೆಕ್ಕ! ಇದು ಪಕ್ಕಾ ಆಪರೇಟರ್‌ನ ಕೈ. ವರ್ಷಾನುಗಟ್ಲೆ ಅನುಭವ ಇದ್ದವ ಇರಬೇಕು." ಆಮೇಲೆ ಅಡಿಗೆಮನೆಯ ಕಡೆ ತಿರುಗಿ, "ಬೇಟಿ, ಜರಾ ಮಷೀನ್ ಬಂದ್ ಮಾಡ್ತಿ ಏನವ್ವಾ?"

ಆಗ ಕಾವ್ಯಾಳ ಒಳಗೆ ಏನೋ ಕಡಿದುಹೋಯಿತು. ಆಕೆ ಎದ್ದು ಸೀದಾ ಖೋಲಿಗೆ ಬಂದಳು. "ನನ್ನ ಫ್ಯಾನು ಕೊಡ್ರಿ. ಬೆವರಿನ ಹನಿ ಬಿದ್ದು ರೇಷ್ಮಿಗೆ ಕಲಿ ಬೀಳಾಕತ್ತದ."

"ಮುಟ್ಟಬ್ಯಾಡ! ಎಲ್ಲಾ ಸೆಟ್ ಆಗ್ಯದ..."

ಆಕೆ ಮುಟ್ಟಿದಳು. ಫ್ಯಾನಿನ ವೈರು ಹಿಡಿದು ಲ್ಯಾಪ್‌ಟಾಪಿನ ತನಕ ಹೋದಳು. ಅಲ್ಲಿ ಎರಡೇ ತೂತು. ಒಂದರಲ್ಲಿ ಮೌಸ್, ಇನ್ನೊಂದರಲ್ಲಿ ಆಕೆಯ ಫ್ಯಾನು. ಕಪ್ಪು ಪೆಟ್ಟಿಗೆ ರೇಡಿಯೋದ ಬ್ಯಾಟರಿಯಿಂದ ಹಸಿರು ದೀಪ ಉರಿಸುತ್ತ ಕೂತಿತ್ತು. ಲ್ಯಾಪ್‌ಟಾಪಿಗೆ ಹೋಗಬೇಕಾದ ಅದರ ವೈರು ಟೇಬಲ್ಲಿನಿಂದ ಕೆಳಗೆ, ಹಲ್ಲಿಯ ಬಾಲದಂತೆ, ನೇತಾಡುತ್ತಿತ್ತು.

"ಈ ಬಾಲ ಎಲ್ಲಿ ಹೋಗಬೇಕ್ರಿ?"

ಅಂಬರೀಶ ವೈರನ್ನು ನೋಡಿದ. ಗುರುಗಳು ಅಂಬರೀಶನನ್ನು ನೋಡಿದರು.

"ನನ್ನ ಫ್ಯಾನು ಸಿಗಸಾಕ ಪೆಟ್ಟಿಗಿ ವೈರ್ ಕಿತ್ತೀರಿ," ಅಂದಳು ಕಾವ್ಯಾ. "ಮತ್ತ ಈ ಲ್ಯಾಪ್‌ಟಾಪು ಯಾರ ಮಾತು ಕೇಳಾಕತ್ತದ? ಇದಕ್ಕ ಸ್ವಂತ ಕಿವಿ, ಮೈಕ್, ಅದ ಇಲ್ಲ? ನನ್ನ ತಂಗಿ ಕೂಡ ವಿಡಿಯೋದಾಗ ಮಾತಾಡೂದು ಅದರಾಗ ಅಲ್ಲೇನು? ನೋಡಕೊಂತ ಕುಂಡ್ರಿ."

ಆಕೆ ಅಡಿಗೆಮನೆಗೆ ಹೋಗಿ ಮಷೀನಿನ ಮೇಲೆ ಕಾಲಿಟ್ಟಳು. ಟಕ ಟಕ ಟಕ ಟಕ. ಪರದೆ ಮೇಲೆ ಹಳದಿ ಬಾಚಣಿಗೆ. ಕಾಲು ತೆಗೆದಳು. ನೀಲಿ ನೀರು. ಮತ್ತೆ ಟಕ ಟಕ. ಬಾಚಣಿಗೆ.

"ನಿಮ್ಮ ದ್ವೀಪ ಬಂತೇನ್ರಿ?"

ಸಲಾವುದ್ದೀನ್ ಸಾಹೇಬರು ನಗತೊಡಗಿದರು. ನಕ್ಕು ನಕ್ಕು ಎಣಗಾಯಿ ನೆತ್ತಿಗೇರಿ ಕೆಮ್ಮಿದರು. "ಅರೆ ಅಂಬರೀಶ, ನಿನ್ನ ದ್ವೀಪ ಒಂದು ಗ್ವಾಡಿ ಆಚೆ ಅದ! ನಮ್ಮ ರೇಡಿಯೋ ಮಂದಿ ಗ್ರೂಪಿನ್ಯಾಗ ಹಾಕೂಣು, ಮಂದಿ ಹೊಟ್ಟಿ ಹಿಡ್ಕೊಂಡು ನಗ್ತಾರ." ಅಂಬರೀಶನೂ ಹಲ್ಲು ಕಿರಿದ. ಗಂಡಸರು ತಮ್ಮ ತಪ್ಪನ್ನು ಮೊದಲು ತಮಾಷೆ ಮಾಡಿಬಿಡುತ್ತಾರೆ. ನಕ್ಕವರು ಲೆಕ್ಕ ಕೇಳುವುದಿಲ್ಲವಲ್ಲ.

ಕಾವ್ಯಾ ನಗಲಿಲ್ಲ.

"ಇಷ್ಟು ವರ್ಷ ಈ ಮಷೀನು ಇದೇ ಮನಿಯಾಗ ಹೊಡ್ಕೊಳ್ಳಾಕತ್ತದ. ಇವತ್ತ ಮೊದಲ್ನೇ ಸಲ ನಿಮ್ಮ ರೋಮ ನಿಂತಾವ. ಅದೂ ಯಾಕ? ಮಂದಿ ಇಲ್ಲದ ಊರಿನವ ಯಾವನೋ ಮಾಡಾಕತ್ತಾನ ಅಂತ." ಆಕೆಯ ದನಿ ಏರಲಿಲ್ಲ. ಏರಿದ್ದರೆ ಅವರಿಗೆ ಸುಲಭವಾಗುತ್ತಿತ್ತು. "ನಾಕರ ಬಸ್ಸಿಗೆ ಇನ್ನೇನು ಹೊತ್ತಿಲ್ಲ. ನಗೂದು ಆಮ್ಯಾಲೆ. ಇಬ್ಬರೂ ಹುಕ್ಕು ಹಚ್ಚಾಕ ಬರ್ರಿ."

"ಯವ್ವಾ, ಊಟಕ್ಕ ಬಂದ ದೊಡ್ಡವರ ಕೈಲೆ ಹುಕ್ಕು ಹಚ್ಚಸ್ತಿ ಏನ?" ಅಂದಳು ಶರಣಮ್ಮ.

"ಅವರೇ ಹೇಳಿದ್ದಲ್ಲ ಅತ್ತಿ, ಪಕ್ಕಾ ಕೈ ಅಂತ. ಪಕ್ಕಾ ಕೈಗೆ ಕೈ ಕೂಡಸ್ಲಿ."

ಗುರುಗಳು ತೆಪ್ಪಗೆ ಸೂಜಿ ಹಿಡಿದರು. ಅಂಬರೀಶ ಮಾತ್ರ, "ದುನಿಯಾಕ್ಕ ವೈರ್ ಹಚ್ಚಾವ ನಾನು, ಹುಕ್ಕೇನು ಮಹಾ," ಅಂದುಕೊಂಡು ಗುಡ್ಡೆಯ ಮುಂದೆ ಕೂತ.

ಕೊನೆಯ ಜಂಪರ್ ಮುಗಿಯುವಷ್ಟರಲ್ಲಿ ನಾಕರ ಬಸ್ಸು ಹೋಗಿತ್ತು. ಆ ಬಸ್ಸಿನ ಕಂಡಕ್ಟರ್ ಹನುಮಂತ್ರಾಯ ಯಾವಾಗಲೂ ಕಾವ್ಯಾಳ ಗಂಟು ತನ್ನ ಸೀಟಿನ ಪಕ್ಕ ಇಟ್ಟುಕೊಂಡು ಒಯ್ಯುತ್ತಿದ್ದ. ಆಕೆ ಗಂಟನ್ನು ಗಂಡನ ಎದೆಗೆ ಆನಿಸಿದಳು.

"ದೇವದುರ್ಗದಾಗ ಇಳದು ಬಸ್ಸು ಬದಲಸ್ರಿ. ಇವತ್ತ ನೀವೇ ಹನುಮಂತ್ರಾಯ."

ರಾತ್ರಿ ಊಟದ ಹೊತ್ತಿಗೆ ಜಾಲಹಳ್ಳಿಯಿಂದ ಫೋನು ಬಂತು. ಹಿಂದೆ ಮದುವೆ ಮನೆಯ ಗದ್ದಲ. ಅಂಬರೀಶನ ದನಿ ಸಣ್ಣಗಿತ್ತು.

"ಕಾವ್ಯಾ, ಮುಟ್ಟಸೀನಿ. ಆದ್ರ ಕಮರುನ್ನೀಸಾ ಅಕ್ಕ ಜರಾ ಸಿಟ್ಟಾಗ್ಯಾರ. ನಾಕೈದು ಜಂಪರಿಗೆ ಎರಡೂ ಕಡೆ ಹುಕ್ಕೇ ಅದಾವ, ಹುಕ್ಕು ಸಿಗಸೂ ದಾರದ ಮನಿನೇ ಇಲ್ಲ ಅಂತಾರ. ನಾ ಸಂಭಾಳಿಸೀನಿ, ಚಿಂತಿ ಮಾಡಬ್ಯಾಡ. ಕಾವ್ಯಾ ಗಡಿಬಿಡಿಯಾಗ ಹಂಗ ಹಚ್ಯಾಳ ಅಂತ ಹೇಳಿಬಿಟ್ಟೀನಿ."

ತಪ್ಪು ತನ್ನ ತಲೆಗೆ ಬರುವುದೊಂದು ಬಾಕಿ ಇತ್ತು.

"ಸ್ಪೀಕರ್ ಹಾಕಿ ಅಕ್ಕನ ಕೈಗೆ ಕೊಡ್ರಿ."

"ಏನವ್ವಾ ಕಾವ್ಯಾ, ಹಿಂಗ ಮಾಡಿದ್ಯಲ್ಲ?" ಕಮರುನ್ನೀಸಾಳ ದನಿ ಬಂತು.

"ಅಕ್ಕಾ, ಹೊಲಿಗಿ ನಂದು. ಆ ಹುಕ್ಕು ನಿಮ್ಮ ಮುಂದ ನಿಂತಾರಲ್ಲ, ಅವರು ಹಚ್ಚಿದ್ದು. ಗಂಟಿನ ತಳಕ್ಕ ಸೂಜಿ, ದಾರ, ಕತ್ತರಿ ಇಟ್ಟೇ ಕಳಿಸೀನಿ. ಪಡಸಾಲಿಯಾಗ ಕೂಡಿಸ್ರಿ, ಎಲ್ಲಾ ಬಿಚ್ಚಿ ಸರಿ ಮಾಡಿಕೊಡ್ತಾರ. ಮುಗಿಯೂತನ ಬಿಡಬ್ಯಾಡ್ರಿ."

ಫೋನಿನ ಆಚೆ ಮದುವೆ ಮನೆಯ ಹೆಂಗಸರೆಲ್ಲ ಒಮ್ಮೆಲೆ ನಕ್ಕ ಸಪ್ಪಳ. ಚಾಪೆ ಹಾಸಿದ ಸಪ್ಪಳ.

"ಕಾವ್ಯಾ," ಅಂದ ಅಂಬರೀಶ, "ಎಲ್ಲಾರೂ ಸುತ್ತ ನಿಂತು ನೋಡಾಕತ್ತಾರ. ನಾ ಏನ್ ಹೇಳ್ಲಿ ಇವರಿಗೆ?"

"ಮೊದಲ್ನೇ ವಾರ ಬರೀ ಕೇಳೂದು," ಅಂದಳು ಕಾವ್ಯಾ. "ಮಾತಾಡೂದಲ್ಲ."

ಮಷೀನು ಆಗಲೇ ತನ್ನ ಖೋಲಿಗೆ ವಾಪಸಾಗಿತ್ತು. ರೇಡಿಯೋ ಜ್ವಾಳದ ಚೀಲದ ಮೇಲೆ ಕೂತಿತ್ತು. ಆಕೆ ಫೋನನ್ನು ಕಟ್ ಮಾಡದೆ ಟೇಬಲ್ಲಿನ ಮೇಲಿಟ್ಟು, ಪುಟ್ಟ ಫ್ಯಾನನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡು, ಕಾಲು ಒತ್ತಿದಳು. ಟಕ ಟಕ ಟಕ ಟಕ. ಈ ಸಲ ಸಿಗ್ನಲ್ ಎಲ್ಲಿಂದ ಅಂತ ಅವನು ಯಾವ ಗುರುವನ್ನೂ ಕೇಳಬೇಕಾಗಿರಲಿಲ್ಲ.