ಇಪ್ಪತ್ತು ಲೀಟರ್ ತೀರ್ಥ

"ಬಾಟ್ಲಿ ಹಿಡ್ಕೊಂಡು ತೀರ್ಥಕ್ಕೆ ಕ್ಯೂ ನಿಲ್ಲೋದು ಚಿಲ್ಲರೆ ಭಕ್ತಿ ಕಣೇ. ಈ ಸಲ ಕ್ಯಾನೇ ತರ್ತೀನಿ" ಎಂದು ಅತ್ತಿಗುಪ್ಪೆಯ ಚೌರಪ್ಪ ಹೆಂಡತಿಯೆದುರು ಘೋಷಿಸಿದ. ಘೋಷಿಸದೆ ಇನ್ನೇನು? ಸುತ್ತಲಿನ ಕ್ರೈಸ್ತ ಮನೆಗಳ ವಲಯಕ್ಕೆ ಅವನನ್ನು ಮುಖಂಡನನ್ನಾಗಿ ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಪಾಸ್ಖ, ಅಂದರೆ ಈಸ್ಟರ್ ಹಬ್ಬದ ಜಾಗರಣೆಯಲ್ಲಿ ಮಂತ್ರಿಸಿದ ನೀರನ್ನು ಎಲ್ಲರೂ ಮನೆಗೆ ತರುತ್ತಾರೆ. ಆದರೆ ಹಬ್ಬದ ಮುಂದಿನ ಭಾನುವಾರ ಫಾದರ್ ಬಂದು ವಲಯದ ಮನೆಮನೆಗೂ ಅದನ್ನು ಚಿಮುಕಿಸಿ ಆಶೀರ್ವದಿಸುವವರಿದ್ದರು. ಅಷ್ಟೂ ಮನೆಗಳ ತೀರ್ಥದ ಜವಾಬ್ದಾರಿಯನ್ನು ಚೌರಪ್ಪ ಕೇಳಿ ಪಡೆದಿದ್ದ. ಎಡವಿದರೆ ಮುಖಂಡಗಿರಿಯ ಮಾನ ಮೂರು ಕಾಸಿಗೆ ಹರಾಜು!

"ಫಾದರ್ ಚಿಮುಕಿಸ್ತಾರೋ, ಸ್ನಾನ ಮಾಡಿಸ್ತಾರೋ?" ಎಂದಳು ಸಗಾಯಮೇರಿ.

ಜಾಗರಣೆ ಮುಗಿದ ಮೇಲೆ ಸ್ಕೂಟರಿನ ಮುಂದೆ ಇಪ್ಪತ್ತು ಲೀಟರಿನ ಕ್ಯಾನ್ ನಿಲ್ಲಿಸಿಕೊಂಡು ಚೌರಪ್ಪ ರಾಜ್ಯ ಗೆದ್ದವನ ಹಾಗೆ ಮನೆಗೆ ಬಂದ. ಅಡುಗೆಮನೆಯಲ್ಲಿ ಕುಡಿಯುವ ನೀರಿನ ಕ್ಯಾನಿನ ಪಕ್ಕದಲ್ಲೇ ಅದನ್ನು ಪ್ರತಿಷ್ಠಾಪಿಸಿದ.

"ಏನಾದ್ರೂ ಗುರುತು ಹಾಕ್ರೀ."

"ತೀರ್ಥ ಯಾವುದು, ನೀರು ಯಾವುದು ಅಂತ ಗೊತ್ತಾಗದಷ್ಟು ಅವಿಶ್ವಾಸಿ ಅಲ್ಲ ಕಣೇ ನಾನು."

ಫಾದರ್ ಬರಬೇಕಿದ್ದ ಭಾನುವಾರ ಮಧ್ಯಾಹ್ನ ಮೇಲಿನ ಮನೆಯ ಯಶೋದಮ್ಮ ಬೆವರು ಒರೆಸಿಕೊಳ್ಳುತ್ತ ಇಳಿದು ಬಂದರು. "ಚೌರಪ್ಪನೋರೇ, ನನ್ನ ಮಗಳು ಅನುನ ನೋಡೋಕೆ ಗಂಡಿನ ಕಡೆಯವರು ಬರ್ತಿದಾರೆ. ಕ್ಯಾನ್‌ನವನು ಫೋನ್ ಎತ್ತುತಾ ಇಲ್ಲ. ನಲ್ಲೀಲಿ ಬರೀ ಗಾಳಿ."

ಪಾಸ್ಖದ ಸಂತೋಷ ಒಂದು ದಿನದ್ದಲ್ಲ, ಐವತ್ತು ದಿನ ನೆರೆಹೊರೆಯವರಿಗೆಲ್ಲ ಹಂಚಬೇಕು ಎಂದು ಫಾದರ್ ಪ್ರಸಂಗದಲ್ಲಿ ಹೇಳಿದ್ದರು. ಸಗಾಯಮೇರಿ ಅಂಗಡಿಗೆ ಹೋಗಿದ್ದಳು. ಚೌರಪ್ಪ ಅಡುಗೆಮನೆಗೆ ಹೋಗಿ ನೋಡಿದ. ಒಂದು ಕ್ಯಾನ್ ಅರ್ಧ ಖಾಲಿ, ಇನ್ನೊಂದು ತುಂಬಿದೆ. ಮುಖಂಡನಾದವನು ಅರ್ಧ ಕ್ಯಾನ್ ದಾನ ಮಾಡುವುದುಂಟೇ? ತುಂಬಿದ್ದನ್ನೇ ಹೆಗಲಿಗೇರಿಸಿ, ಮಹಡಿ ಹತ್ತಿ, ಇಳಿಸಿ ಬಂದ. ಸೊಂಟ ಹಿಡಿದುಕೊಂಡರೂ ಮನಸ್ಸು ಹಗುರವಾಗಿತ್ತು.

ಹೆಂಡತಿ ಬಂದವಳೇ ಕೇಳಿದಳು: "ತುಂಬಿದ್ದ ಕ್ಯಾನ್ ಎಲ್ರೀ?"

"ಯಶೋದಮ್ಮನೋರಿಗೆ ಕೊಟ್ಟೆ. ಅರ್ಧ ಕೊಡೋಕಾಗತ್ತಾ?"

"ಕುಡಿಯೋ ನೀರು ನಿನ್ನೇನೇ ಅರ್ಧ ಆಗಿತ್ತಲ್ರೀ."

ಚೌರಪ್ಪ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಗೆ ಹಾರಿದ.

ಮೇಲೆ ಓಡಿದರೆ ಹಾಲ್ ತುಂಬ ಗಂಡಿನ ಕಡೆಯವರು. ಹುಡುಗನ ತಂದೆ ಲಕ್ಷ್ಮೀಪತಿ ಲೋಟ ಹಿಡಿದು, "ಇವರ್ಯಾರು?" ಎಂದರು.

"ನೀರು ಕೊಟ್ಟೋರು" ಎಂದರು ಯಶೋದಮ್ಮ.

"ಭೇಷ್. ಕಾಫಿ ಸೊಗಸಾಗಿ ಬಂದಿದೆ ಕಣ್ರೀ. ಯಾವ ಕಂಪನಿ ನೀರು?"

ಚೌರಪ್ಪ ನೇರ ಅಡುಗೆಮನೆಗೆ ನುಗ್ಗಿದ. ಅಷ್ಟರಲ್ಲಿ ತೀರ್ಥವು ಕಾಫಿಯಾಗಿ, ಕೇಸರಿಬಾತಾಗಿ, ಬಿಸಿಬೇಳೆಬಾತಾಗಿ ನಾನಾ ಅವತಾರ ಎತ್ತಿತ್ತು. ಮಿಕ್ಕಿದ್ದರಲ್ಲಿ ಪಾತ್ರೆ ತೊಳೆದಾಗಿತ್ತು. ಹಿಂದೆಯೇ ಬಂದ ಯಶೋದಮ್ಮನಿಗೆ ಅವನು ಪಿಸುಗುಟ್ಟಿದ: "ಅಮ್ಮಾ, ಅದು ಚರ್ಚಲ್ಲಿ ಮಂತ್ರಿಸಿದ ತೀರ್ಥ."

"ಅದಕ್ಕೇ ಬೇಳೆ ಒಂದೇ ವಿಷಲ್‌ಗೆ ಬೆಂದ್ಬಿಡ್ತು" ಎಂದು ಯಶೋದಮ್ಮ ಸೌಟು ತಿರುವಿದರು.

ಕೆಳಗೆ ಬಂದ ಚೌರಪ್ಪನ ಕಣ್ಣು ಉಳಿದ ಅರ್ಧ ಕ್ಯಾನಿನ ಮೇಲೆ ಬಿತ್ತು. "ಇದನ್ನೇ ಇಟ್ರೆ ಫಾದರ್‌ಗೆ ಹೆಂಗೆ ಗೊತ್ತಾಗತ್ತೆ?"

"ಮೇಲಿರೋನಿಗೆ?" ಎಂದಳು ಸಗಾಯಮೇರಿ.

ಅಷ್ಟರಲ್ಲಿ ಫಾದರ್ ಬಂದೇಬಿಟ್ಟರು, ಹಿಂದೆ ವಲಯದ ಜನವೆಲ್ಲ. ಚೌರಪ್ಪನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅಷ್ಟೂ ಜನರೆದುರು ನಡೆದದ್ದನ್ನೆಲ್ಲ ಒಪ್ಪಿಕೊಂಡ. ಫಾದರ್ ಕೆಮ್ಮು ಬರುವವರೆಗೆ ನಕ್ಕರು.

"ಅದಕ್ಯಾಕಪ್ಪ ಈ ಪಾಟಿ ಕೊರಗ್ತೀಯ? ಒಂದು ಚೊಂಬು ನೀರು ತಾ, ಇಲ್ಲೇ ಮಂತ್ರಿಸ್ತೀನಿ. ವಲಯಕ್ಕೆಲ್ಲ ಸಾಕಾಗತ್ತೆ."

"ಒಂದೇ ಚೊಂಬಾ?" ಎಂದ ಚೌರಪ್ಪನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

ಫಾದರ್ ಮಂತ್ರಿಸಿ ಮುಗಿಸುವಷ್ಟರಲ್ಲಿ ಯಶೋದಮ್ಮ ಖಾಲಿ ಕ್ಯಾನ್ ಹಿಡಿದು ನಗುನಗುತ್ತ ಬಂದರು. "ಸಂಬಂಧ ಕೂಡಿಬಂತು ಚೌರಪ್ಪನೋರೇ. ಲಕ್ಷ್ಮೀಪತಿಯವರದ್ದು ಒಂದೇ ಬೇಡಿಕೆ. ಮದುವೆ ಅಡುಗೆಗೂ ಇದೇ ನೀರು ಬೇಕಂತೆ. ಸಾವಿರ ಎಲೆ ಊಟ."

ಫಾದರ್ ಚೌರಪ್ಪನ ಮುಖ ನೋಡಿದರು. ಚೌರಪ್ಪ ಹೆಂಡತಿಯ ಮುಖ ನೋಡಿದ.

"ನನ್ನನ್ಯಾಕೆ ನೋಡ್ತೀರಿ?" ಎಂದಳು ಸಗಾಯಮೇರಿ. "ಫಾದರ್‌ನ ಕೇಳಿ, ಟ್ಯಾಂಕರ್ ಮಂತ್ರಿಸಿ ಕೊಡ್ತಾರಾ ಅಂತ."