ಒಂಟಿಗಂಬದ ಮಹಾಸಮರ

ಎಲೈ ಮೌನವೇ, ಧ್ಯಾನಮಂದಿರಗಳ ಅಧಿದೇವತೆಯೇ, ಈ ಗದ್ದಲದ ಕಥೆಯನ್ನು ಹೇಳಿ ಮುಗಿಸುವ ತನಕ ದಯವಿಟ್ಟು ಕೊಂಚ ಹೊರಗೆ ನಿಂತಿರು! ಮಣ್ಣಿಗಾಗಿ, ಮುಕುಟಕ್ಕಾಗಿ, ಮಾನಕ್ಕಾಗಿ ಮಹೀಪತಿಗಳು ಮಡಿದ ಯುಗಗಳೆಲ್ಲ ಉರುಳಿಹೋಗಿ, ಮನುಷ್ಯನು ಬೆನ್ನು ಆನಿಸಲು ಒಂದಿಷ್ಟು ಜಾಗಕ್ಕಾಗಿ ಮಾತ್ರ ಹಲ್ಲು ಮಸೆಯುವ ಈ ಕಾಲದಲ್ಲಿ, ರೇಷ್ಮೆಸೀರೆವಿಖ್ಯಾತವಾದ ಕೊಳ್ಳೇಗಾಲವೆಂಬ ಪಟ್ಟಣದಲ್ಲಿ, ರಾಚಯ್ಯನೆಂಬ ನಿವೃತ್ತ ಕಂಡಕ್ಟರನಿದ್ದನು. ವಿಷಲ್‌ನಾದಪ್ರಕಂಪಿತದಶದಿಶನೂ, ಚಿಲ್ಲರೆನಿರಾಕರಣನಿಷ್ಠುರನೂ, ಘಾಟಿರಸ್ತೆಯ ತಿರುವುಗಳಲ್ಲಿ ಕಂಬಿ ಹಿಡಿಯದೆ ನಿಲ್ಲಬಲ್ಲ ಅಚಲಪಾದನೂ ಆಗಿದ್ದ ಆತನು ಸರ್ಕಾರಿ ಬಸ್ಸಿನಲ್ಲಿ ನಿಂತೇ ಆಯುಷ್ಯವನ್ನು ಸವೆಸಿದವನು. ಇಂಥ ನಿಲುವಿನ ಪುರುಷನು ಕೂರುವುದಕ್ಕಾಗಿ ಕಾದಿದ ಕಥೆಯಿದು.

ಪಟ್ಟಣದ ಅಂಚಿನಲ್ಲಿ ಒಂದು ಬುದ್ಧವಿಹಾರ. ಅದರ ಧ್ಯಾನದ ಹಜಾರಕ್ಕೆ, ತಾರಸಿ ಬಿರುಕು ಬಿಟ್ಟ ವರ್ಷ, ನಡುವೆ ಒಂದೇ ಒಂದು ಕಂಬವನ್ನು ಕೊಟ್ಟಿದ್ದರು. ಭಾನುವಾರದ ಧ್ಯಾನತರಗತಿಗೆ ಬರುವವರೆಲ್ಲ ಜಮಖಾನದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ರಾಚಯ್ಯನು ಮಾತ್ರ ಮೊದಲ ದಿನವೇ ಆ ಕಂಬಕ್ಕೆ ಒರಗಿದನು. ಒರಗಿದ್ದೇ ತಡ, ಹೆಂಡತಿ ಚೌಡಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವನ ಕಣ್ಣಿಗೆ ಸುಳಿಯದಿದ್ದ ನಿದ್ರೆಯು ತಾಯಿಯಂತೆ ಬಂದು ತಬ್ಬಿಕೊಂಡಿತು. ವಿಹಾರದ ಭಿಕ್ಷುಗಳಾದ ಭಂತೇಜಿಯವರು ಗಂಟೆ ಬಾರಿಸಿದಾಗ ಎಚ್ಚೆತ್ತ ಆತನ ಮುಖದ ಕಾಂತಿಯನ್ನು ಕಂಡು, ‘ಏನ್ ಧ್ಯಾನ ಅಪ್ಪ ಇವ್ರದು!’ ಎಂದು ಪಕ್ಕದವರು ಬೆರಗಾದರು. ರಾಚಯ್ಯನು ಅದನ್ನು ಅಲ್ಲಗಳೆಯಲಿಲ್ಲ. ಅಂದಿನಿಂದ ವಾರವಿಡೀ ಅವನು ಭಾನುವಾರವನ್ನೇ ಕಾಯುತ್ತಿದ್ದನು.

ಆದರೆ ಯಾವ ಸಾಮ್ರಾಜ್ಯಕ್ಕೆ ಶತ್ರುವಿಲ್ಲ? ಒಂದು ಭಾನುವಾರ ರಾಚಯ್ಯನು ಬಂದು ನೋಡುತ್ತಾನೆ, ಕಂಬದ ಬುಡದಲ್ಲಿ ಚಿನ್ನತಾಯಮ್ಮ! ಸರ್ಕಾರಿ ಆಸ್ಪತ್ರೆಯ ನಿವೃತ್ತ ನರ್ಸು, ಸೂಜಿಮದ್ದುಪ್ರಹಾರಪ್ರಚಂಡೆ, ಪಟ್ಟಣದ ಪೈಲ್ವಾನರೂ ಯಾರ ಹೆಜ್ಜೆಸಪ್ಪಳಕ್ಕೆ ಮಗ್ಗುಲಾಗುತ್ತಿದ್ದರೋ ಆ ಮಹಾಮಾತೆ. ಆ ದಿನ ರಾಚಯ್ಯನು ಗೋಡೆಯೂ ಸಿಗದೆ ಜಮಖಾನದ ಮೇಲೆ ಕುಳಿತು, ಕಣ್ಣು ಮುಚ್ಚಿ ಆಕೆಯನ್ನೇ ಧ್ಯಾನಿಸಿದನು.

ಅಲ್ಲಿಂದ ಶುರುವಾಯಿತು ಸಮರ. ಆತನು ಬೇಗ ಬಂದರೆ ಆಕೆ ಇನ್ನೂ ಬೇಗ. ವಿಹಾರದ ಬಾಗಿಲು ತೆರೆಯುವ ಮುನ್ನವೇ ಇಬ್ಬರೂ ಮೆಟ್ಟಿಲ ಎರಡು ಕೊನೆಗಳಲ್ಲಿ ನಿಂತು, ‘ಚೆನ್ನಾಗಿದ್ದೀರ’ ಎಂದು ಹಲ್ಲು ಕಚ್ಚಿ ಕುಶಲ ಕೇಳುತ್ತಿದ್ದರು. ಬೀಗ ತೆಗೆಯುವ ಭಂತೇಜಿಯವರು, ಇವರ ಶ್ರದ್ಧೆಯನ್ನು ಕಂಡು, ಪಾಪ, ಸಂತೋಷಪಟ್ಟರು.

ಬುದ್ಧಪೂರ್ಣಿಮೆ ಬಂದಿತು. ಅಂದು ಬೆಳಿಗ್ಗೆ ಸಾಮೂಹಿಕ ಧ್ಯಾನ, ಆಮೇಲೆ ಪಾಯಸದೂಟ. ಊರಿನ ಕೇರಿಕೇರಿಯಿಂದ ಜನ. ಇಂಥ ಜನಸಾಗರದಲ್ಲಿ ಕಂಬವು ಕೈತಪ್ಪುವುದು ನಿಶ್ಚಯವೆಂದು ತಿಳಿದ ರಾಚಯ್ಯನು ನಸುಕಿನಲ್ಲೇ ಬಂದು, ಕೆಂಪಂಚಿನ ಟವಲೊಂದನ್ನು ವಿಜಯಧ್ವಜದಂತೆ ಕಂಬದ ಬುಡದಲ್ಲಿ ಹಾಸಿ, ಧ್ವಜಾರೋಹಣವಾದ ನೆಮ್ಮದಿಯಲ್ಲಿ ಕಾಫಿ ಕುಡಿಯಲು ಹೋದನು. ಮರಳಿ ಬಂದಾಗ ಟವಲು ನಾಲ್ಕು ಮಡಿಕೆಯಾಗಿ ಕಿಟಕಿಯ ಮೇಲಿತ್ತು. ಚಿನ್ನತಾಯಮ್ಮ ಕಂಬಕ್ಕೆ ಕೈಯೂರಿ ಇನ್ನೇನು ಕೂರಲಿದ್ದಳು.

"ನಿಲ್ಲಿ ನರ್ಸಮ್ಮ!" ರಾಚಯ್ಯನ ಗರ್ಜನೆಗೆ ಹೂವು ಕಟ್ಟುತ್ತಿದ್ದವರು ದಾರ ಬಿಟ್ಟರು. "ಅದು ನನ್ ಜಾಗ. ಟವಲ್ ಹಾಕಿದ್ನಲ್ಲ, ಕಾಣ್ನಿಲ್ವ? ಈ ರಾಚಯ್ಯ ಯಾರು ಗೊತ್ತ? ಬೆಟ್ಟದ್ ಜಾತ್ರ ಬಸ್ಸಲಿ ಜನನ ಒಬ್ಬರ್ ಮ್ಯಾಲ ಒಬ್ಬರ್ನ ತುಂಬ್ಕಂಡು, ಒಬ್ಬರ್ನೂ ಬುಡದ ಟಿಕೇಟ್ ಹರ್ದವ್ನು ನಾನು!"

ಚಿನ್ನತಾಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಸೂಜಿಗೆ ಮುನ್ನ ಸ್ಪಿರಿಟ್ ಹಚ್ಚುವವಳ ಶಾಂತಿಯಿಂದ ಹೇಳಿದಳು: "ಟವಲ್ ಸುದ್ದಿ ಎತ್ತುಬ್ಯಾಡಿ ರಾಚಣ್ಣ. ಒಂದ್ ದಿನ ನಾನು ಡ್ಯೂಟಿ ಮುಗ್ಸಿ ಸುಸ್ತಾಗಿ ಬಂದು, ಕಿಟ್ಕಿಂದ ನಿಮ್ ಬಸ್ಸಿನ್ ಸೀಟ್‌ಗ ಟವಲ್ ಎಸ್ದಿದ್ದಿ. ನೀವು ಅದ ತಗದು ರೋಡ್ಗ ಬುಟ್ರಿ. ಏನಂದ್ರಿ ಅವತ್ತು? ‘ಟವಲ್ಗ ಟಿಕೇಟ್ ಕೊಡಾಕಾಯ್ತದಾ? ಮನ್ಸ ಕುಂತ್ರ ಸೀಟು’ ಅಂದ್ರಿ. ಮೈಸೂರ್ಗಂಟ ನಿಂತ್ಕಂಡೇ ಹೋದಿ ಕನ ನಾನು."

ರಾಚಯ್ಯನಿಗೆ ಆ ಟವಲು ನೆನಪಿರಲಿಲ್ಲ. ಎಸೆದ ಟವಲುಗಳು ಅಷ್ಟಿದ್ದವು. ಆದರೆ ಮಾತು ತನ್ನದೇ ಎಂಬುದು ಖಾತ್ರಿಯಾಯಿತು. ಆದರೂ ವೀರನು ನ್ಯಾಯ ಸೋತ ಕ್ಷಣದಲ್ಲಿ ಕಾಲನ್ನು ನಂಬುತ್ತಾನೆ. "ಸರಿ ಹಂಗಾರ, ಮನ್ಸನೇ ಕುಂತ್ಕತಾನ ತಗಳಿ!" ಎಂದು ಘೋಷಿಸಿ, ಆಕೆ ಮಂಡಿ ಮಡಿಸುವಷ್ಟರಲ್ಲಿ ನುಗ್ಗಿ, ಧೊಪ್ಪನೆ ಕಂಬದ ಬುಡದಲ್ಲಿ ಕುಳಿತುಬಿಟ್ಟನು. ಚಿನ್ನತಾಯಮ್ಮ ಜನರ ನಡುವೆ ಹೋಗಿ, ಪಕ್ಕದವಳ ಭುಜ ಹಿಡಿದು, ಮೆಲ್ಲಗೆ ಕೆಳಗಿಳಿದಳು.

ಗಂಟೆ ಮೊಳಗಿತು. ಉಸಿರನ್ನು ಗಮನಿಸಿರೆಂದು ಭಂತೇಜಿಯವರು ಹೇಳಿದರು. ರಾಚಯ್ಯನ ಬೆನ್ನಿಗೆ ಕಂಬವಿತ್ತು, ತಂಪಿತ್ತು, ಸಕಲವೂ ಇತ್ತು, ನಿದ್ರೆಯೊಂದು ಬರಲಿಲ್ಲ. ಕಣ್ಣು ಮುಚ್ಚಿದರೆ ಮೈಸೂರಿನ ತನಕ ನಿಂತುಕೊಂಡೇ ಹೋಗುತ್ತಿರುವ ಹೆಂಗಸೊಬ್ಬಳು ಕಾಣುತ್ತಿದ್ದಳು. ಕಡೆಗೆ ಅವನು ಕಣ್ಣು ತೆರೆದೇ ಕುಳಿತನು.

ಧ್ಯಾನ ಮುಗಿದು ಪಾಯಸದ ಪರಿಮಳಕ್ಕೆ ಜನರೆಲ್ಲ ಎದ್ದುಹೋದರು. ಚಿನ್ನತಾಯಮ್ಮ ಏಳಲಿಲ್ಲ. ಕೈಮುಗಿದು ಕುಳಿತೇ ಇದ್ದಳು. ಏನು ಭಕ್ತಿಯೆಂದು ರಾಚಯ್ಯನಿಗೆ ಹೊಟ್ಟೆಕಿಚ್ಚಾಯಿತು. ಅಷ್ಟರಲ್ಲಿ ಆಕೆ ಸುತ್ತ ಒಮ್ಮೆ ನೋಡಿ, ಎರಡೂ ಕೈಯನ್ನು ನೆಲಕ್ಕೂರಿ ಮೇಲೇಳಲು ಯತ್ನಿಸಿ, ಅರ್ಧಕ್ಕೆ ಬಂದು ಕುಸಿದಳು. ಮತ್ತೆ ಕೈಮುಗಿದಳು.

ಆಗ ರಾಚಯ್ಯನಿಗೆ ಅರ್ಥವಾಯಿತು. ಹತ್ತಿರ ಹೋಗಿ, ಎತ್ತಲೆಂದು ಒಂದು ಮಂಡಿಯೂರಿ ಕೈ ನೀಡಿದನು. "ಕಂಬ ಹಿಡ್ಕಂಡು ಏಳಾಕ ಬೇಕಾಗಿತ್ತಾ? ಮೊದ್ಲೇ ಯೋಳ್ಬಾರ್ದ ನರ್ಸಮ್ಮ?"

"ನಿಮ್ಗ್ಯಾಕ ಯೋಳ್ಲಿ? ನೀವೇನ್ ಡಾಕ್ಟ್ರಾ?" ಎಂದಳಾಕೆ, ಆದರೆ ಕೈ ಹಿಡಿದಳು.

ಅಯ್ಯೋ! ಅಚಲಪಾದನೆಂಬ ಬಿರುದು ಆ ಗಳಿಗೆಯಲ್ಲಿ ನಿಜವಾಯಿತು: ರಾಚಯ್ಯನ ಮಂಡಿಯೂ ಹಿಡಿದುಕೊಂಡು ಅಲುಗಾಡಲಿಲ್ಲ. ರಣಧೀರರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಜಮಖಾನದ ಮೇಲೆ ಸಿಕ್ಕಿಕೊಂಡರು.

"ನಂಗ ಮನೇಲಿ ನಿದ್ದ ಬರಲ್ಲ ಕನ," ಎಂದನು ರಾಚಯ್ಯನು, ಬೇರೇನೂ ತೋಚದೆ. "ಚೌಡಿ ಹೋದಾಗಿಂದ್ಲೂ ಹಂಗೇಯ. ಈ ಕಂಬಕ್ಕ ಒರಗಿದ್ರ ಬತ್ತಿತ್ತು."

"ಗೊತ್ತು. ಗೊರಕ ಕೇಳ್ತಿತ್ತು."

"ಎಲ್ರಿಗೂವಾ?"

"ಎಲ್ರಿಗೂವಿ."

ಇಬ್ಬರೂ ನಕ್ಕರು. ನಗುವಿಗೆ ಇನ್ನಷ್ಟು ಕುಸಿದರು. ಸದ್ದು ಕೇಳಿ ಬಂದ ಭಂತೇಜಿಯವರು, ಬಾಗಿಲಲ್ಲಿ ಕ್ಷಣ ನಿಂತು ನೋಡಿ, ಹಿಂಬದಿಯ ಕೋಣೆಗೆ ಹೋಗಿ, ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ಇಬ್ಬರ ಮುಂದಿಟ್ಟರು. "ಇವನ್ನ ಹಿಡ್ಕೊಂಡು ಏಳಿ. ಕುರ್ಚಿ ಮೇಲೆ ಕೂತೂ ಧ್ಯಾನ ಮಾಡಬಹುದು ಅಂತ ಪ್ರತಿ ವಾರ ಹೇಳ್ತೀನಲ್ಲ?"

"ಯಾವಾಗ ಯೋಳುದ್ರಿ ಭಂತೇಜಿ?" ಎಂದಳು ಚಿನ್ನತಾಯಮ್ಮ.

"ತರಗತಿ ಶುರುವಾಗುವಾಗ. ನೀವಿಬ್ಬರೂ ಆಗ ಕಂಬದ ಹತ್ರ ಏನೋ ಮಾತಾಡ್ತಾ ಇರ್ತೀರಿ."

ಹಿಂಬದಿಯ ಕೋಣೆಯಲ್ಲಿ ಅಂಥ ಕುರ್ಚಿಗಳನ್ನು ಸೂರಿನ ತನಕ ಪೇರಿಸಿಟ್ಟಿದ್ದರು.

ಮುಂದಿನ ಭಾನುವಾರ ರಾಚಯ್ಯನೂ ಚಿನ್ನತಾಯಮ್ಮನೂ ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತರು. ಆತನಿಗೆ ಗೊರಕೆ ಹತ್ತಿದಾಗೆಲ್ಲ ಆಕೆ ಮೊಣಕೈಯಿಂದ ತಿವಿಯುತ್ತಿದ್ದಳು. ತೀರ ಜೋರಾಗಿ ಏನಲ್ಲ, ಸದ್ದು ನಿಲ್ಲುವಷ್ಟು, ನಿದ್ದೆ ಕೆಡದಷ್ಟು. ಕಂಬಕ್ಕೆ ಅಂದು ಒಂದು ಪೊರಕೆ ಒರಗಿಕೊಂಡಿತ್ತು.